ರಟ್ಟು ಇದ್ದ ಜಾಗಕ್ಕೆ ಪೆಟ್ಟಿಗೆ ಬಂದಾಗ: ಹಾರ್ವುಡ್ ಪೈಜಾಮಾ ಕಾರ್ಖಾನೆಯ ಒಂದು ಪ್ರಕರಣ

ಬದಲಾದದ್ದು ಇಷ್ಟೇ. ಇಸ್ತ್ರಿ ವಿಭಾಗದ 18 ಮಂದಿ ಅದುವರೆಗೆ ಇಸ್ತ್ರಿಯಾದ ಪೈಜಾಮಾಗಳನ್ನು ಅರ್ಧ ಡಜನ್ನಿನ ಲೆಕ್ಕದಲ್ಲಿ ಒಂದು ಚಪ್ಪಟೆ ರಟ್ಟಿನ ಮೇಲೆ ಪೇರಿಸಿಡುತ್ತಿದ್ದರು. ಇನ್ನು ಮೇಲೆ ರಟ್ಟಿನ ಬದಲು ಅದೇ ಅಳತೆಯ ಪೆಟ್ಟಿಗೆಯೊಳಗೆ ಪೇರಿಸಬೇಕು. ಪೆಟ್ಟಿಗೆ ಇಟ್ಟದ್ದೂ ರಟ್ಟು ಇದ್ದ ಜಾಗದಲ್ಲೇ. ಪೆಟ್ಟಿಗೆಗೆ ತುಂಬುವ ಹೆಚ್ಚುವರಿ ಕೆಲಸಕ್ಕೆಂದು ಡಜನ್ನಿಗೆ 2 ನಿಮಿಷ ಜಾಸ್ತಿ ಕಟ್ಟಿಕೊಟ್ಟರು. ಒಟ್ಟು ಕೆಲಸದಲ್ಲಿ ಆದ ಬದಲಾವಣೆ ಶೇ 8.8.

ಮುಂದಿನ 40 ದಿನಗಳಲ್ಲಿ ಆ ಗುಂಪಿನ ಶೇ 17 ಮಂದಿ ಕೆಲಸ ಬಿಟ್ಟು ಹೋದರು. ಉಳಿದವರು ಕೆಲಸದ ವಿಧಾನ ಹೇಳಿಕೊಡಲು ಬಂದ ಎಂಜಿನಿಯರ್ ಜೊತೆ ಜಗಳಕ್ಕೆ ನಿಂತರು, ಸೂಪರ್‌ವೈಸರ್ ಮೇಲೆ ಹರಿಹಾಯ್ದರು, ಬೇಕೆಂದೇ ಕೈ ನಿಧಾನ ಮಾಡಿದರು. ಹೊಸ ಪೀಸ್ ರೇಟಿನಲ್ಲಿ, ಅಂದರೆ ಮಾಡಿದ ಕೆಲಸದ ಲೆಕ್ಕಕ್ಕೆ ಕೊಡುವ ಕೂಲಿಯ ದರದಲ್ಲಿ, ತಮಗೆ ಮೋಸವಾಗಿದೆ ಎಂದು ದೂರು ಕೊಟ್ಟರು. ದೂರು ಬಂದದ್ದರಿಂದ ರೇಟನ್ನು ಮತ್ತೆ ಲೆಕ್ಕ ಹಾಕಿ ನೋಡಿದರು. ರೇಟು ಬಿಗಿಯಾಗಿರಲಿಲ್ಲ. ಕೆಲಸಗಾರರಿಗೆ ಅನುಕೂಲವಾಗುವ ಹಾಗೆ ತುಸು ಸಡಿಲವಾಗಿಯೇ ಇತ್ತು.

ನನ್ನನ್ನು ಈ ಪ್ರಕರಣಕ್ಕೆ ಕಟ್ಟಿಹಾಕಿದ್ದು ಆ ಕೊನೆಯ ಸಂಗತಿ. ತಮ್ಮ ಪರವಾಗಿಯೇ ಇದ್ದ ರೇಟಿನ ವಿರುದ್ಧ ಜನ ಯಾಕೆ ದೂರು ಕೊಟ್ಟರು? ಲೆಕ್ಕ ಬಾರದ ದಡ್ಡರು ಎಂದು ಷರಾ ಬರೆದು ಮುಗಿಸುವುದು ಸುಲಭ. ದಿನವಿಡೀ ಡಜನ್ನು, ನಿಮಿಷ, ಯೂನಿಟ್ಟಿನ ಲೆಕ್ಕದಲ್ಲೇ ಬದುಕುವ ಜನರ ಬಗ್ಗೆ ಹಾಗೆ ಹೇಳಲು ನನಗೆ ಮನಸ್ಸು ಬಾರದು. ಅವರ ದೂರಿನಲ್ಲಿ ರೇಟು ಎಂದು ಬರೆದಿತ್ತು, ನಿಜ. ಅವರನ್ನು ಕುಟುಕುತ್ತಿದ್ದದ್ದು ಮಾತ್ರ ಬೇರೆ ಏನೋ ಆಗಿತ್ತು.

ಊರು, ಕಾರ್ಖಾನೆ, ಅಲ್ಲಿಯ ಜನ

ಅಮೆರಿಕದ ವರ್ಜೀನಿಯಾ ರಾಜ್ಯದ ನೈಋತ್ಯ ಮೂಲೆಯಲ್ಲಿ, ಅಪಲೇಷಿಯನ್ ಬೆಟ್ಟಸಾಲಿನ ನಡುವೆ ಮೇರಿಯನ್ ಎಂಬ ಸಣ್ಣ ಪಟ್ಟಣವಿದೆ. ಹಾರ್ವುಡ್ ಮ್ಯಾನುಫ್ಯಾಕ್ಚರಿಂಗ್ ಕಾರ್ಪೊರೇಷನ್ ತನ್ನ ಪೈಜಾಮಾ ಕಾರ್ಖಾನೆಯನ್ನು ನಡೆಸುತ್ತಿದ್ದದ್ದು ಅಲ್ಲಿ. 1940ರ ದಶಕದ ಕೊನೆಯ ಹೊತ್ತಿಗೆ ಸುಮಾರು 500 ಹೆಂಗಸರು, 100 ಗಂಡಸರು ಅಲ್ಲಿ ಕೆಲಸಕ್ಕಿದ್ದರು. ಸರಾಸರಿ ವಯಸ್ಸು 23, ಓದಿದ್ದು ಸರಾಸರಿ 8ನೇ ತರಗತಿವರೆಗೆ. ಹೆಚ್ಚಿನವರು ಸುತ್ತಲಿನ ಬೆಟ್ಟದ ಹಳ್ಳಿಗಳಿಂದ ಬಂದವರು. ಈ ಕಾರ್ಖಾನೆಗೆ ಕಾಲಿಡುವ ಮುಂಚೆ ಬೇರೆ ಯಾವ ಕಾರ್ಖಾನೆಯನ್ನೂ ಕಂಡವರಲ್ಲ.

ಕಂಪನಿಯನ್ನು ನಡೆಸುತ್ತಿದ್ದ ಆಲ್ಫ್ರೆಡ್ ಮ್ಯಾರೋ ಸ್ವತಃ ಮನಶ್ಶಾಸ್ತ್ರದಲ್ಲಿ ಪಿಎಚ್‌ಡಿ ಪಡೆದವರು. ಜರ್ಮನಿಯಿಂದ ಅಮೆರಿಕಕ್ಕೆ ಬಂದು ನೆಲೆಸಿದ್ದ ಹೆಸರಾಂತ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಅವರಿಗೆ ಹತ್ತಿರದವರಾಗಿದ್ದರು. 1939ರಲ್ಲಿ, ಹೊಸ ಕಾರ್ಖಾನೆಯ ಕೆಲಸಗಾರರು ನಿಗದಿತ ಮಟ್ಟ ಮುಟ್ಟುತ್ತಲೇ ಇಲ್ಲ ಎಂಬ ಚಿಂತೆ ಬಂದಾಗ ಮ್ಯಾರೋ ಲೆವಿನ್ನರನ್ನು ಕರೆಸಿದರು. ಅಲ್ಲಿಂದ ಈ ಕಾರ್ಖಾನೆ ಒಂದು ಬಗೆಯ ಪ್ರಯೋಗಶಾಲೆಯೂ ಆಯಿತು. ನಾನು ಇಲ್ಲಿ ವಿವರಿಸುವ ಪ್ರಯೋಗವನ್ನು ನಡೆಸಿದವರು ಕಾರ್ಖಾನೆಯ ಸಿಬ್ಬಂದಿ ವ್ಯವಸ್ಥಾಪಕ ಲೆಸ್ಟರ್ ಕೋಚ್ ಮತ್ತು ಸಂಶೋಧಕ ಜಾನ್ ಫ್ರೆಂಚ್. ಅವರ ವರದಿ 1948ರಲ್ಲಿ ಪ್ರಕಟವಾಯಿತು. ಅದನ್ನು ನೋಡಲು ಲೆವಿನ್ ಇರಲಿಲ್ಲ. ಅವರು 1947ರ ಫೆಬ್ರವರಿಯಲ್ಲಿ ತೀರಿಕೊಂಡಿದ್ದರು.

ಇದು ಕೆಟ್ಟ ಕಾರ್ಖಾನೆಯಾಗಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಕೆಲಸದ ಹೊತ್ತಿನಲ್ಲಿ ಸಂಗೀತ ಕೇಳಿಸುತ್ತಿದ್ದರು. ವೈದ್ಯಕೀಯ ಸೌಲಭ್ಯವಿತ್ತು, ಊಟದ ಕೋಣೆಯಿತ್ತು, ಮನರಂಜನೆಯ ಕಾರ್ಯಕ್ರಮಗಳಿದ್ದವು. ಊರಿನ ಯಾವ ಒಳ್ಳೆಯ ಕೆಲಸಕ್ಕೂ ಕಂಪನಿ ಕೈಜೋಡಿಸುತ್ತಿತ್ತು. ಎಲ್ಲರಿಗೂ ಸಂಬಂಧಿಸಿದ ವಿಷಯ ಬಂದರೆ ಸಾಧ್ಯವಾದಾಗಲೆಲ್ಲ ಇಡೀ ಕಾರ್ಖಾನೆಯ ಮತ ಕೇಳುವ ಪದ್ಧತಿಯೂ ಇತ್ತು. ಯಾರು ಬೇಕಾದರೂ ಬಂದು ಕಷ್ಟ ಹೇಳಿಕೊಳ್ಳಬಹುದು ಎಂದು ಆಡಳಿತದವರು ಹೇಳುತ್ತಿದ್ದರು, ಆ ಮಾತನ್ನು ನಂಬಿಯೂ ಇದ್ದರು. ದುಷ್ಟ ಮಾಲೀಕನ ಕಥೆಯಾಗಿದ್ದರೆ ಪಾಠ ಸರಳವಾಗಿರುತ್ತಿತ್ತು. ಒಳ್ಳೆಯತನ ಇದ್ದ ಜಾಗದಲ್ಲೇ ಜನ ಬೇಸತ್ತು ಗೇಟು ದಾಟಿ ಹೋಗುತ್ತಿದ್ದರು ಎಂಬುದರಿಂದಲೇ ಈ ಪ್ರಕರಣಕ್ಕೆ ತೂಕ ಬಂದಿದೆ.

ಯೂನಿಟ್ಟು, ಪಟ್ಟಿ, ಎತ್ತಿಟ್ಟ ಚೀಟಿ

ಕೂಲಿಯ ಲೆಕ್ಕ ತಿಳಿಯದೆ ಇಲ್ಲಿಯ ಬದುಕು ಅರ್ಥವಾಗದು. ಪ್ರತಿ ಕೆಲಸಕ್ಕೂ ಟೈಮ್ ಸ್ಟಡಿ ಮಾಡಿ, ಅಂದರೆ ಅದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆದು, ರೇಟು ಕಟ್ಟುತ್ತಿದ್ದರು. ಒಂದು ನಿಮಿಷದ ಪ್ರಮಾಣಿತ ಕೆಲಸಕ್ಕೆ ಒಂದು ಯೂನಿಟ್ಟು. ಗಂಟೆಗೆ 60 ಯೂನಿಟ್ಟು ಮಾಡಿದರೆ ನಿಗದಿತ ಮಟ್ಟ ಮುಟ್ಟಿದ ಹಾಗೆ. ಡಜನ್ನಿಗೆ 10 ಯೂನಿಟ್ಟು ಎಂದು ಗೊತ್ತುಪಡಿಸಿದ ಕೆಲಸವಾದರೆ ಗಂಟೆಗೆ 6 ಡಜನ್ ಮುಗಿಸಬೇಕು. ವಾರದ ಸರಾಸರಿ 75 ಯೂನಿಟ್ಟು ಬಂದರೆ ಮೂಲ ಕೂಲಿಗಿಂತ ಶೇ 25 ಹೆಚ್ಚು ಕೈಗೆ ಬರುತ್ತದೆ. ಕೂಲಿ ಇದಕ್ಕಿಂತ ಕೆಳಗೆ ಇಳಿಯಬಾರದು ಎಂಬ ಮಿತಿಗಳೂ ಎರಡಿದ್ದವು. ಹೊಸದಾಗಿ ಸೇರಿದವರಿಗೆ ಒಂದು, 6 ತಿಂಗಳು ಪೂರೈಸಿದವರಿಗೆ ಅದಕ್ಕಿಂತ ಶೇ 22 ಹೆಚ್ಚಿನ ಇನ್ನೊಂದು. ಎರಡೂ 60 ಯೂನಿಟ್ಟಿನ ಕೂಲಿಗಿಂತ ಕಡಿಮೆಯೇ.

ಈ 60 ಸುಲಭಕ್ಕೆ ಸಿಗುವಂಥದ್ದಲ್ಲ. ಕೆಲವು ಕೆಲಸಗಳಲ್ಲಿ ಆ ಮಟ್ಟಕ್ಕೆ ಕೈ ಪಳಗಲು ಸರಾಸರಿ 34 ವಾರ ಹಿಡಿಯುತ್ತಿತ್ತು. ಅಂದರೆ ಎಂಟು ತಿಂಗಳ ಹತ್ತಿರ. ಬೆಟ್ಟದ ಹಳ್ಳಿಯಿಂದ ಬಂದ 20ರ ಆಸುಪಾಸಿನ ಹುಡುಗಿಯೊಬ್ಬಳು ಎಂಟು ತಿಂಗಳು ದಿನಾ ಸಂಜೆ ತನ್ನ ಅಂಕಿ ನೋಡಿಕೊಳ್ಳುತ್ತ, 40, 45, 52 ಎಂದು ಮೆಟ್ಟಿಲು ಹತ್ತುವುದನ್ನು ಕಣ್ಣಮುಂದೆ ತಂದುಕೊಳ್ಳಿ. 60 ಮುಟ್ಟಿದ ದಿನ ಅವಳ ಪಾಲಿಗೆ ಕೂಲಿ ಹೆಚ್ಚಿದ ದಿನ ಮಾತ್ರವಲ್ಲ, ಕಲಿಯುವವಳು ಎಂಬ ಹೆಸರು ಕಳಚಿ ಕೆಲಸ ಬಲ್ಲವಳಾದ ದಿನ.

ಆ ಅಂಕಿ ಗುಟ್ಟಿನದೂ ಆಗಿರಲಿಲ್ಲ. ಪ್ರತಿಯೊಬ್ಬರ ಲೆಕ್ಕವನ್ನು ದಿನಾ ತೆಗೆದು, ಹೆಚ್ಚು ಮಾಡಿದವರನ್ನು ಮೇಲೆ, ಕಡಿಮೆ ಮಾಡಿದವರನ್ನು ಕೆಳಗೆ ಬರೆದು, ಆ ಪಟ್ಟಿಯನ್ನು ಎಲ್ಲರಿಗೂ ತೋರಿಸುತ್ತಿದ್ದರು. ಅದರ ಮೇಲೆ ಸೂಪರ್‌ವೈಸರ್ ಪ್ರತಿದಿನ ಪ್ರತಿಯೊಬ್ಬರ ಹತ್ತಿರ ಬಂದು ಅವರವರ ಅಂಕಿಯ ಬಗ್ಗೆ ಮಾತಾಡುತ್ತಿದ್ದರು. ಗದರಿಸದೆ ನಯವಾಗಿಯೇ ಮಾತಾಡಿರಲಿ. ದಿನವೂ ಹೆಸರಿನ ಪಕ್ಕ ಒಂದು ಸ್ಥಾನ, ದಿನವೂ ಆ ಸ್ಥಾನದ ಬಗ್ಗೆ ಒಂದು ಮಾತು. ತಪ್ಪಿಸಿಕೊಳ್ಳಲು ಸಂದಿಯಿಲ್ಲ.

ಹೆಂಗಸರು ಸಂದಿ ಮಾಡಿಕೊಂಡರು. ಪ್ರತಿ ಲಾಟಿನ ಕೆಲಸ ಮುಗಿದಾಗ ಒಂದು ಪೀಸ್ ರೇಟ್ ಚೀಟಿ ಸಿಗುತ್ತಿತ್ತು. ಅದನ್ನು ಒಪ್ಪಿಸಿದರೆ ಆ ದಿನದ ಲೆಕ್ಕಕ್ಕೆ ಸೇರುತ್ತದೆ. ಅನೇಕರು ಎಲ್ಲ ಚೀಟಿಗಳನ್ನೂ ಅದೇ ದಿನ ಒಪ್ಪಿಸುತ್ತಿರಲಿಲ್ಲ. ಕೆಲವನ್ನು ಎತ್ತಿಡುತ್ತಿದ್ದರು. ಮೈ ಸರಿಯಿಲ್ಲದ ದಿನ, ಮೆಷಿನ್ ಕೈಕೊಟ್ಟ ದಿನ ಆ ಚೀಟಿ ಹೊರಗೆ ಬರುತ್ತಿತ್ತು. ಮಳೆಗಾಲಕ್ಕೆಂದು ಸೌದೆ ಕೂಡಿಟ್ಟ ಹಾಗೆ.

ನನಗೆ ಇಡೀ ವರದಿಯಲ್ಲಿ ಇದಕ್ಕಿಂತ ಹೆಚ್ಚು ಮನಮುಟ್ಟಿದ ವಿವರ ಇಲ್ಲ. ಆಡಳಿತದ ಕಣ್ಣಿನಿಂದ ನೋಡಿದರೆ ಇದು ಲೆಕ್ಕದ ಏರುಪೇರು. ಕೆಲಸಗಾರ್ತಿಯ ಕಣ್ಣಿನಿಂದ ನೋಡಿದರೆ, ಜ್ವರ ಬಂದ ದಿನವೂ ನಿನ್ನ ಸ್ಥಾನ ಎಷ್ಟನೆಯದು ಎಂದು ಕೇಳುವ ವ್ಯವಸ್ಥೆಯ ಮುಂದೆ ತಾನೇ ಹೊಲಿದುಕೊಂಡ ಒಂದು ಮರೆ. ಕಾರ್ಖಾನೆಯೊಂದರ ನಿಜವಾದ ವಾತಾವರಣ ತಿಳಿಯಬೇಕಾದರೆ ಸೌಲಭ್ಯಗಳ ಪಟ್ಟಿ ಓದುವ ಬದಲು ಜನ ಏನನ್ನು ಎತ್ತಿಡುತ್ತಾರೆ ಎಂದು ನೋಡಬೇಕು ಅನ್ನುವುದು ನನ್ನ ಬಲವಾದ ಅಭಿಪ್ರಾಯ. ಅಲ್ಲಿ ಎತ್ತಿಡುತ್ತಿದ್ದದ್ದು ಪ್ರಾಮಾಣಿಕವಾಗಿ ದುಡಿದ ದುಡಿಮೆಯನ್ನೇ.

"ಯೂನಿಟ್ಟು ಬಂತು ಅನ್ನುವಾಗ ಕೆಲಸ ಬದಲಾಯಿಸುತ್ತಾರೆ"

ಬಟ್ಟೆಯ ಕಾರ್ಖಾನೆಯಲ್ಲಿ ಒಂದೇ ಕೆಲಸ ಬಹಳ ದಿನ ನಿಲ್ಲದು. ಮಾದರಿ ಬದಲಾಗುತ್ತದೆ, ವಿಧಾನ ಬದಲಾಗುತ್ತದೆ, ಕೆಲಸಗಾರರು ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗಬೇಕಾಗುತ್ತದೆ. ಹಾರ್ವುಡ್‌ನಲ್ಲಿ ಹಾಗೆ ಹೋದವರ ಕೂಲಿಗೆ ಹೊಡೆತ ಬೀಳದಿರಲೆಂದು ಬದಲಾವಣೆ ಬೋನಸ್ ಕೊಡುತ್ತಿದ್ದರು. ಸರಾಸರಿ ವೇಗದಲ್ಲಿ ಹೊಸ ಕೆಲಸ ಕಲಿತರೆ ಒಂದು ಕಾಸೂ ಕಡಿಮೆಯಾಗದ ಹಾಗೆ ಅದನ್ನು ಹೊಂದಿಸಿದ್ದರು. ಕಾಗದದ ಮೇಲೆ ದೋಷವಿಲ್ಲದ ಏರ್ಪಾಡು.

ಆದರೂ ಕೆಲಸ ಬದಲಾವಣೆ ಎಂದರೆ ಜನರಿಗೆ ಆಗುತ್ತಿರಲಿಲ್ಲ. ಯೂನಿಟ್ಟು ಬಂತು ಅನ್ನುವಾಗ ಕೆಲಸ ಬದಲಾಯಿಸುತ್ತಾರೆ ಎಂಬುದು ಅಲ್ಲಿ ಎಲ್ಲರ ಬಾಯಲ್ಲೂ ಇದ್ದ ಮಾತು. ಹೊಸ ಕೆಲಸಕ್ಕೆ ಹೋಗುವುದಕ್ಕಿಂತ ಮನೆಗೆ ಹೋಗುವುದೇ ಮೇಲು ಎಂದು ರಾಜೀನಾಮೆ ಕೊಟ್ಟವರು ಅನೇಕರು.

ಕೋಚ್ ಮತ್ತು ಫ್ರೆಂಚ್ ಹೀಗೆ ಕೆಲಸ ಬದಲಾದ ನೂರಾರು ಅನುಭವಿಗಳ ದಾಖಲೆ ತೆಗೆದು ನೋಡಿದರು. ಮತ್ತೆ 60 ಮುಟ್ಟಿದವರು ಶೇ 38 ಮಾತ್ರ. ಉಳಿದ ಶೇ 62 ಮಂದಿ ಒಂದೋ ಶಾಶ್ವತವಾಗಿ ಹಿಂದೆ ಉಳಿದರು, ಇಲ್ಲ ಬಿಟ್ಟುಹೋದರು. ತೀರ ಸರಳ ಕೆಲಸವನ್ನು ಏನೂ ಗೊತ್ತಿಲ್ಲದ ಹೊಸಬಳು 5 ವಾರದಲ್ಲಿ ಕಲಿಯುತ್ತಿದ್ದಳು. ಅದೇ ಕೆಲಸಕ್ಕೆ ಬಂದ ಅನುಭವಿಗೆ 8 ವಾರ ಬೇಕಾಗುತ್ತಿತ್ತು.

ಹೊಲಿಗೆ ಬಲ್ಲವಳು ಹೊಲಿಗೆ ಬಾರದವಳಿಗಿಂತ ನಿಧಾನ! ಹಳೆಯ ಕೆಲಸದ ರೂಢಿ ಕೈಗೆ ಅಡ್ಡ ಬರುತ್ತದೆ ಎಂಬ ಉತ್ತರ ಹೊಳೆಯುವುದು ಸಹಜ. ಸಂಶೋಧಕರು ಅದನ್ನೂ ಪರಿಶೀಲಿಸಿ, ಅದು ದೊಡ್ಡ ಕಾರಣವಲ್ಲ ಎಂದು ಕಂಡುಕೊಂಡರು. ಮಾತಾಡಿಸಿದಾಗ ಕೆಲಸ ಬದಲಾದವರಿಂದ ಕೇಳಿಬಂದದ್ದು ಬೇರೆ. ತಮ್ಮನ್ನು ಎತ್ತಿ ಬೇರೆಡೆ ಹಾಕಿದ್ದಕ್ಕೆ ಆಡಳಿತದ ಮೇಲೆ ಸಿಟ್ಟು. ಮತ್ತೆ ಹಳೆಯ ಮಟ್ಟಕ್ಕೆ, ಹಳೆಯ ಸ್ಥಾನಕ್ಕೆ ಏರುತ್ತೇವೆಂಬ ಆಸೆಯೇ ಸತ್ತಿರುವುದು. ಸೋತುಹೋದೆವು ಎಂಬ ಭಾವ. ಬೋನಸ್ ಕೂಲಿಯನ್ನು ತುಂಬಿಕೊಟ್ಟಿತು, ಆದರೆ ದಿನದ ಪಟ್ಟಿಯಲ್ಲಿ ಮೇಲಿದ್ದ ಹೆಸರು ತಳಕ್ಕೆ ಇಳಿದದ್ದನ್ನು ತುಂಬಿಕೊಡುವ ಬೋನಸ್ ಯಾವುದಿದೆ? ಸ್ಥಾನವೇ ಎಲ್ಲ ಎಂದು ದಿನಾ ಹೇಳಿಕೊಟ್ಟ ಕಾರ್ಖಾನೆಯೇ ಒಂದು ಬೆಳಗ್ಗೆ ಆ ಸ್ಥಾನವನ್ನು ಕಿತ್ತುಕೊಳ್ಳುತ್ತಿತ್ತು. ಹೊಸಬಳಿಗೆ ಕಳೆದುಕೊಳ್ಳಲು ಏನೂ ಇರಲಿಲ್ಲ, ಹಾಗಾಗಿ ಅವಳು ಹಗುರವಾಗಿ ಕಲಿತಳು.

ಇನ್ನೊಂದು ಸಂಗತಿಯನ್ನೂ ಅವರು ಗಮನಿಸಿದರು. ಗುಂಪಿನ ನಂಟಿಲ್ಲದೆ ಒಂಟಿಯಾಗಿರುವವರು ಬದಲಾವಣೆಗೆ ಅಷ್ಟೇನೂ ಗಟ್ಟಿಯಾಗಿ ಎದುರು ನಿಲ್ಲುತ್ತಿರಲಿಲ್ಲ. ನಾವೆಲ್ಲ ಒಂದು ಎಂಬ ಭಾವ ಗಟ್ಟಿಯಾಗಿದ್ದು, ಆಡಳಿತದ ಮೇಲೆ ಮುನಿಸೂ ಇದ್ದ ಗುಂಪುಗಳೇ ಎಲ್ಲರಿಗಿಂತ ಬಲವಾಗಿ ಎದುರು ನಿಂತವು. ಅದೇ ಒಗ್ಗಟ್ಟು ಇದ್ದು ಮುನಿಸು ಇಲ್ಲದ ಗುಂಪುಗಳು ಎಲ್ಲರಿಗಿಂತ ಬೇಗ ಕಲಿತವು. ಒಗ್ಗಟ್ಟನ್ನೇ ಅಪಾಯ ಎಂದು ಕಾಣುವ ಮ್ಯಾನೇಜರ್‌ಗಳು ಈ ಎರಡನೆಯ ವಾಕ್ಯವನ್ನು ಓದುವುದೇ ಇಲ್ಲವೇನೋ ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಗುಂಪಿನೊಳಗೆ ಒಬ್ಬಳು

ಒಗ್ಗಟ್ಟಿಗೆ ಇನ್ನೊಂದು ಮುಖವೂ ಇದೆ, ಅದನ್ನು ಮುಚ್ಚಿಟ್ಟರೆ ನ್ಯಾಯವಾಗದು. ಕೆಲಸ ಬದಲಾದ ಒಂದು ಇಸ್ತ್ರಿ ಗುಂಪಿನಲ್ಲಿ ಎಲ್ಲರೂ ಸುಮಾರು 50 ಯೂನಿಟ್ಟಿನ ಆಸುಪಾಸಿನಲ್ಲೇ ನಿಲ್ಲುತ್ತಿದ್ದರು. ಒಬ್ಬಳು ಆ ಗೆರೆ ದಾಟತೊಡಗಿದಳು. ಉಳಿದವರು ಅವಳ ಮೇಲೆ ತಿರುಗಿಬಿದ್ದರು, ತಮ್ಮ ಸಿಟ್ಟಿಗೆಲ್ಲ ಅವಳನ್ನೇ ಗುರಿ ಮಾಡಿದರು. ಅವಳ ಅಂಕಿ ಮತ್ತೆ ಕೆಳಗಿಳಿಯಿತು, 45ರ ಹತ್ತಿರಕ್ಕೆ. ಸುಮಾರು 20 ದಿನ ಕಳೆದ ಮೇಲೆ ಆ ಗುಂಪನ್ನು ಒಡೆದು ಉಳಿದವರನ್ನೆಲ್ಲ ಬೇರೆ ಬೇರೆ ಕೆಲಸಕ್ಕೆ ಕಳಿಸಬೇಕಾಯಿತು. ಇವಳೊಬ್ಬಳೇ ಉಳಿದಳು. ನಾಲ್ಕೇ ದಿನದಲ್ಲಿ ಅವಳ ಅಂಕಿ 96ಕ್ಕೆ ನೆಗೆಯಿತು, ಆಮೇಲೆ 92ರ ಸುತ್ತ ನಿಂತಿತು.

ಇದನ್ನು ಸೋಮಾರಿ ಗುಂಪು, ಶ್ರಮಜೀವಿ ಒಬ್ಬಳು ಎಂದು ಓದುವವರಿದ್ದಾರೆ. ನಾನು ಹಾಗೆ ಓದಲಾರೆ. ಆ ಗುಂಪಿನವರಿಗೆ 50 ಎಂಬುದು ತಮ್ಮ ಕೈಯಲ್ಲಿ ಉಳಿದಿದ್ದ ಒಂದೇ ಮಾತು. ಅದನ್ನು ಒಬ್ಬಳು ಮುರಿದರೆ ಇನ್ನುಳಿದವರ 50 ಆಡಳಿತದ ಕಣ್ಣಿಗೆ ಸುಳ್ಳಾಗಿ ಕಾಣುತ್ತದೆ. ಅವರ ಭಯ ಅರ್ಥವಾಗುತ್ತದೆ, ಅವರ ಕ್ರೌರ್ಯವೂ ಕಾಣುತ್ತದೆ. ಎರಡರ ನಡುವೆ ನುಜ್ಜಾದದ್ದು ಆ ಒಬ್ಬಳು. ಮೇಲಿನವರು ಮಾತಿಗೆ ದಾರಿ ಬಿಡದಿದ್ದರೆ ಕೆಳಗಿನವರು ಒಬ್ಬರ ಮೇಲೊಬ್ಬರು ಕಣ್ಣಿಡುವ ಕೆಲಸಕ್ಕೆ ಇಳಿಯುತ್ತಾರೆ.

ನಾಲ್ಕು ಗುಂಪು, ಮೂರು ದಾರಿ

ಈಗ ಪ್ರಯೋಗಕ್ಕೆ ಬರೋಣ. ನಾಲ್ಕು ಗುಂಪುಗಳ ಕೆಲಸವನ್ನು ತುಸು ತುಸು ಬದಲಾಯಿಸಬೇಕಿತ್ತು. ಬದಲಾವಣೆಯ ಗಾತ್ರ ಎಲ್ಲ ಕಡೆಯೂ ಹೆಚ್ಚುಕಮ್ಮಿ ಒಂದೇ. ಅದನ್ನು ಜನರಿಗೆ ಮುಟ್ಟಿಸಿದ ದಾರಿ ಮಾತ್ರ ಬೇರೆ ಬೇರೆ.

ಮೊದಲನೆಯದು ನಾನು ಆಗಲೇ ಹೇಳಿದ ಇಸ್ತ್ರಿಯವರ ಗುಂಪು. ಕಾರ್ಖಾನೆ ಯಾವತ್ತೂ ಮಾಡುತ್ತಿದ್ದ ಹಾಗೆಯೇ ಅವರಿಗೆ ಮಾಡಿತು. ಉತ್ಪಾದನಾ ವಿಭಾಗ ಕೆಲಸವನ್ನು ಮಾರ್ಪಡಿಸಿತು, ರೇಟು ಕಟ್ಟಿತು, ಆಮೇಲೆ ಸಭೆ ಕರೆಯಿತು. ಪೈಪೋಟಿಯಿಂದಾಗಿ ಬದಲಾವಣೆ ಅನಿವಾರ್ಯ ಎಂದು ಹೇಳಿದರು. ಟೈಮ್ ಸ್ಟಡಿಯವರು ಹೊಸ ರೇಟನ್ನು ಬಿಡಿಸಿ ವಿವರಿಸಿದರು. ಕೇಳಿದ ಪ್ರಶ್ನೆಗಳಿಗೆ ಉತ್ತರಿಸಿದರು. ಸಭೆ ಮುಗಿಯಿತು. ಗಮನಿಸಿ, ಇಲ್ಲಿ ಯಾರೂ ಒರಟಾಗಿ ನಡೆದುಕೊಳ್ಳಲಿಲ್ಲ, ಯಾವುದನ್ನೂ ಮುಚ್ಚಿಡಲಿಲ್ಲ. ಇವತ್ತಿಗೂ ಬಹಳ ಕಡೆ ಇದನ್ನೇ ಒಳ್ಳೆಯ ಸಂವಹನ ಎಂದು ಕರೆಯುತ್ತಾರೆ.

ಎರಡನೆಯದು ಮಡಚುವ ಕೆಲಸದ 13 ಮಂದಿ. ಅವರ ಸಭೆಯಲ್ಲಿ ಎರಡು ಉಡುಪುಗಳನ್ನು ಮುಂದಿಟ್ಟರು. ನೋಡಲು ಎರಡೂ ಒಂದೇ. ಒಂದು 1946ರಲ್ಲಿ ತಯಾರಾದದ್ದು, ಇನ್ನೊಂದು 1947ರದ್ದು, ಮೊದಲನೆಯದರ ಬೆಲೆ ಎರಡನೆಯದರ ಎರಡರಷ್ಟು. ಯಾವುದು ಅಗ್ಗದ್ದು ಹೇಳಿ ಎಂದು ಕೇಳಿದರು. ಯಾರಿಗೂ ಹೇಳಲಾಗಲಿಲ್ಲ. ಖರ್ಚು ಇಳಿಸದೆ ಗತಿಯಿಲ್ಲ ಎಂಬುದು ಭಾಷಣವಿಲ್ಲದೆ ಎಲ್ಲರ ಕೈಗೆ ಸಿಕ್ಕಿತು. ಬೇಡದ ಅಲಂಕಾರದ ಕೆಲಸ ತೆಗೆದರೆ ಖರ್ಚು ಉಳಿಯುತ್ತದೆ, ತಮ್ಮ ಯೂನಿಟ್ಟಿಗೂ ಧಕ್ಕೆಯಾಗದು ಎಂದು ಒಪ್ಪಿದರು. ಆಮೇಲೆ ತಮ್ಮೊಳಗಿನಿಂದಲೇ ಕೆಲವರನ್ನು ಆರಿಸಿದರು. ಆ ಆಯ್ಕೆಯಾದವರು ಹೊಸ ವಿಧಾನವನ್ನು ರೂಪಿಸುವಲ್ಲಿ ಕೂತರು, ಮೊದಲು ಕಲಿತರು, ಅವರ ಕೈಯ ಕೆಲಸವನ್ನು ಅಳೆದೇ ರೇಟು ಕಟ್ಟಿದರು. ಸ್ವಲ್ಪ ದಿನದಲ್ಲಿ ಅವರ ಮಾತಿನಲ್ಲಿ "ನಮ್ಮ ಕೆಲಸ", "ನಮ್ಮ ರೇಟು" ಎಂಬ ಪದಗಳು ಬರತೊಡಗಿದವು.

ಮೂರನೆಯದು ಮತ್ತು ನಾಲ್ಕನೆಯದು ಚೆಕಿಂಗ್ ಮಾಡುವ 8 ಮತ್ತು 7 ಮಂದಿಯ ಚಿಕ್ಕ ಗುಂಪುಗಳು. ಇಲ್ಲಿ ಪ್ರತಿನಿಧಿಗಳಿಲ್ಲ, ಎಲ್ಲರೂ ಕೂತರು. ಅದುವರೆಗೆ ಇಡೀ ಉಡುಪಿನ ದಾರದ ಎಳೆಗಳನ್ನೆಲ್ಲ ಕತ್ತರಿಸಿ ಪ್ರತಿ ಹೊಲಿಗೆಯನ್ನೂ ನೋಡುತ್ತಿದ್ದರು. ಇನ್ನು ಕೆಲವು ಎಳೆಗಳನ್ನಷ್ಟೇ ತೆಗೆದು ಹೊಲಿಗೆಗಳನ್ನು ನೋಡಿದರೆ ಸಾಕು. ಸಭೆಯಲ್ಲಿ ಸಲಹೆಗಳು ಎಷ್ಟು ರಭಸದಿಂದ ಬಂದವೆಂದರೆ ಬರೆದುಕೊಳ್ಳಲು ಕೂತಿದ್ದ ಸ್ಟೆನೋಗ್ರಾಫರ್‌ಗೆ ಅವನ್ನು ಹಿಡಿಯುವುದೇ ಕಷ್ಟವಾಯಿತು. ಅಷ್ಟು ದಿನ ಆ ಸಲಹೆಗಳೆಲ್ಲ ಎಲ್ಲಿದ್ದವು? ಆ ಹೆಂಗಸರ ತಲೆಯಲ್ಲೇ ಇದ್ದವು, ಕೇಳುವವರಿರಲಿಲ್ಲ.

ಫಲಿತಾಂಶ ಹೀಗಿದೆ. ಇಸ್ತ್ರಿಯವರು ಗಂಟೆಗೆ 50 ಯೂನಿಟ್ಟಿನ ಸುತ್ತ ಇಳಿದವರು ಅಲ್ಲೇ ನಿಂತರು. ಮಡಚುವವರು 14 ದಿನದ ಕೊನೆಗೆ ಸರಾಸರಿ 61 ಮುಟ್ಟಿದರು, ಅದೂ ಮೊದಲ ವಾರ ಕೈತುಂಬ ಕೆಲಸ ಸಿಗದಿದ್ದಾಗ. 40 ದಿನದಲ್ಲಿ ಅವರಲ್ಲಿ ಒಬ್ಬರೂ ಕೆಲಸ ಬಿಡಲಿಲ್ಲ. ಸೂಪರ್‌ವೈಸರ್ ಜೊತೆ ಒಂದು ಸಲ ಜಟಾಪಟಿ ನಡೆದದ್ದು ಬಿಟ್ಟರೆ ಮತ್ತೇನೂ ಇಲ್ಲ. ಚೆಕಿಂಗ್‌ನ ಎರಡೂ ಗುಂಪುಗಳು ಮೊದಲ ದಿನ ಕೊಂಚ ಇಳಿದು, ಕೂಡಲೇ ಚೇತರಿಸಿಕೊಂಡು, ಹಳೆಯ ಮಟ್ಟಕ್ಕಿಂತ ಸುಮಾರು ಶೇ 14 ಮೇಲಕ್ಕೆ ಹೋದವು. ಅಲ್ಲೂ ಯಾರೂ ಬಿಟ್ಟುಹೋಗಲಿಲ್ಲ.

ಇಸ್ತ್ರಿಯವರಿಗೂ ಮಡಚುವವರಿಗೂ ಸೂಪರ್‌ವೈಸರ್ ಒಬ್ಬರೇ. ಒಂದು ಗುಂಪು ಅದೇ ವ್ಯಕ್ತಿಯ ಮೇಲೆ ಕೆಂಡ ಕಾರಿತು, ಇನ್ನೊಂದು ಹೊಂದಿಕೊಂಡು ಕೆಲಸ ಮಾಡಿತು. ಕಾರ್ಖಾನೆಯಲ್ಲಿ ಏನೇ ಕೆಟ್ಟರೂ ಆ ಸೂಪರ್‌ವೈಸರ್ ಸರಿಯಿಲ್ಲ ಎಂದು ಒಬ್ಬರ ತಲೆಗೆ ಕಟ್ಟುವುದು ರೂಢಿ. ಕೆಳಗಿನ ಸಿಟ್ಟೆಲ್ಲ ಮೊದಲು ಬೀಳುವುದು ಆ ಮನುಷ್ಯರ ಮೇಲೆ. ನಿರ್ಧಾರ ಮಾಡಿದವರು ಬೇರೆಲ್ಲೋ ಕೂತಿರುತ್ತಾರೆ.

ರೇಟಿನ ದೂರಿಗೆ ಮರಳಿದರೆ

ಸಡಿಲ ರೇಟಿನ ಮೇಲೆ ಬಂದ ದೂರು ಈಗ ನನಗೆ ಬೇರೆಯಾಗಿ ಕೇಳಿಸುತ್ತದೆ. ರೇಟು ಸರಿಯೋ ತಪ್ಪೋ ಎಂದು ತಿಳಿಯಲು ಇಸ್ತ್ರಿಯವರಿಗೆ ಇದ್ದದ್ದು ರೇಟು ಕಟ್ಟಿದವರ ಮಾತು ಒಂದೇ. ಅಳೆದದ್ದು ಅವರು, ಕಟ್ಟಿದ್ದು ಅವರು, ವಿವರಿಸಿದ್ದೂ ಅವರು. ಹತ್ತು ಸಲ ವಿವರಿಸಿದರೂ ಅದು ಇನ್ನೊಬ್ಬರ ಲೆಕ್ಕವೇ. ಮಡಚುವವರಿಗೆ ಹಾಗಲ್ಲ. ತಮ್ಮವಳೇ ಒಬ್ಬಳು ಗಡಿಯಾರದ ಮುಂದೆ ನಿಂತು ಮಡಚಿದ್ದನ್ನು ಅವರು ಬಲ್ಲರು, ಆ ಅಂಕಿ ಎಲ್ಲಿಂದ ಬಂತೆಂದು ಬಲ್ಲರು. ಪೆಟ್ಟಿಗೆಯಿಂದಲೋ 2 ನಿಮಿಷದಿಂದಲೋ ಇಸ್ತ್ರಿಯವರು ಕೆರಳಲಿಲ್ಲ. ತಮ್ಮ ಕೈಯ ಕೆಲಸದ ಬಗ್ಗೆ ತಮ್ಮನ್ನು ಬಿಟ್ಟು ಎಲ್ಲರೂ ಮಾತಾಡಿ ಮುಗಿಸಿದ್ದಾರೆ ಎಂಬುದು ಅವರನ್ನು ಕೆರಳಿಸಿತು. ಅದನ್ನು ದೂರಿನಲ್ಲಿ ಬರೆಯಲು ಅಂಕಣವಿಲ್ಲ. ರೇಟು ಎಂಬುದಕ್ಕೆ ಅಂಕಣವಿತ್ತು, ಅಲ್ಲಿ ಬರೆದರು.

ಇದೇ ಕಾರ್ಖಾನೆಯಲ್ಲಿ ಆಡಳಿತದವರೂ ಹೀಗೆಯೇ ವರ್ತಿಸಿದ ಉದಾಹರಣೆ ಇದೆ. 30 ದಾಟಿದ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳಬಾರದು, ಅವರು ನಿಧಾನ, ಕಲಿಯುವುದಿಲ್ಲ ಎಂದು ಅಲ್ಲಿಯ ಸೂಪರ್‌ವೈಸರ್‌ಗಳು ನಂಬಿದ್ದರು. ಸಂಶೋಧಕರ ವಾದ ಅವರನ್ನು ಅಲುಗಿಸಲಿಲ್ಲ. ಕೊನೆಗೆ ವಯಸ್ಸಾದ ಕೆಲಸಗಾರ್ತಿಯರಿಂದ ಕಂಪನಿಗೆ ಎಷ್ಟು ನಷ್ಟವಾಗುತ್ತಿದೆ ಎಂದು ನೀವೇ ಲೆಕ್ಕ ಹಾಕಿ ಎಂದು ಆಡಳಿತದವರಿಗೇ ಬಿಟ್ಟರು. ಹಾಕಿ ನೋಡಿದರೆ ನಷ್ಟವೇ ಇರಲಿಲ್ಲ. ತಾವೇ ಹಾಕಿದ ಲೆಕ್ಕವನ್ನು ಅವರು ನಂಬಿದರು. ಮ್ಯಾರೋ ಮತ್ತು ಫ್ರೆಂಚ್ ಇದನ್ನು 1945ರಲ್ಲಿ ಪ್ರಕಟಿಸಿದ್ದಾರೆ. ಇನ್ನೊಬ್ಬರ ಲೆಕ್ಕವನ್ನು ನಂಬದಿರುವುದು ಕೂಲಿಯವರ ಮೊಂಡುತನ ಎನ್ನುವವರು ಇದನ್ನು ನೆನಪಿಡಬೇಕು.

ತಕರಾರುಗಳು

ಈ ಪ್ರಯೋಗವನ್ನು ಕಣ್ಣಿಗೊತ್ತಿಕೊಳ್ಳುವ ಅಗತ್ಯವಿಲ್ಲ. ಗುಂಪುಗಳು ಚಿಕ್ಕವು. ಇಸ್ತ್ರಿ, ಮಡಚುವುದು, ಚೆಕಿಂಗ್ ಬೇರೆ ಬೇರೆ ಕೆಲಸಗಳು, ಒಂದರ ಅಂಕಿಯನ್ನು ಇನ್ನೊಂದರ ಪಕ್ಕ ಇಡುವುದು ಅಷ್ಟು ಸರಳವಲ್ಲ. ಇಸ್ತ್ರಿಯವರ ಮತ್ತು ಮಡಚುವವರ ಕೆಲಸಕ್ಕೆ ನಿಮಿಷಗಳು ಸೇರಿದವು, ಚೆಕಿಂಗ್‌ನವರ ಕೆಲಸದಿಂದ ಡಜನ್ನಿಗೆ 1.2 ನಿಮಿಷ ಕಳೆಯಿತು. 1981ರಲ್ಲಿ ಬಾರ್ಟ್ಲೆಮ್ ಮತ್ತು ಲಾಕ್ ಎಂಬ ಸಂಶೋಧಕರು ಇದನ್ನೆಲ್ಲ ಎತ್ತಿ ತೋರಿಸಿ, ಫಲ ಕೊಟ್ಟದ್ದು ಭಾಗವಹಿಸುವಿಕೆಗಿಂತ ಹೆಚ್ಚಾಗಿ ಕೂಲಿ ನ್ಯಾಯವಾಗಿದೆ ಎಂಬ ನಂಬಿಕೆ ಇರಬಹುದು ಎಂದು ವಾದಿಸಿದರು. ನನಗೆ ಆ ವಾದ ಎದುರಾಳಿಯಾಗಿ ಕಾಣುವುದಿಲ್ಲ. ರೇಟು ನ್ಯಾಯವಾಗಿದೆ ಎಂದು ನಂಬಲು ಜನರಿಗೆ ಸಿಕ್ಕ ದಾರಿಯೇ ಅದನ್ನು ಕಟ್ಟುವಾಗ ಅಲ್ಲಿದ್ದದ್ದು.

ಇದಕ್ಕಿಂತ ಗಟ್ಟಿ ತಕರಾರು ನಾರ್ವೆಯಿಂದ ಬಂತು. ಫ್ರೆಂಚ್ ಅವರೇ ಇಬ್ಬರು ಜೊತೆಗಾರರೊಂದಿಗೆ ಅಲ್ಲಿಯ ಒಂದು ಪಾದರಕ್ಷೆ ಕಾರ್ಖಾನೆಯಲ್ಲಿ ಇಂಥದೇ ಪ್ರಯೋಗ ಮಾಡಿ 1960ರಲ್ಲಿ ಪ್ರಕಟಿಸಿದರು. ಉತ್ಪಾದನೆಯಲ್ಲಿ ವ್ಯತ್ಯಾಸವೇ ಬರಲಿಲ್ಲ. ಅಲ್ಲಿಯ ಗುಂಪುಗಳಿಗೆ ಕೊಟ್ಟದ್ದು ಉತ್ಪಾದನೆಗೆ ನೇರವಾಗಿ ತಗಲದ ಪುಟ್ಟ ವಿಷಯಗಳ ಮೇಲಿನ ಮಾತು. ಹೀಗೆ ಭಾಗವಹಿಸುವುದು ತಮ್ಮ ಹಕ್ಕು ಎಂದು ಅನ್ನಿಸಿದವರಲ್ಲಿ ಮಾತ್ರ ಆಡಳಿತದ ಬಗೆಗಿನ ಮನೋಭಾವ ಸುಧಾರಿಸಿತು. ಗೋಡೆಗೆ ಯಾವ ಬಣ್ಣ ಎಂದು ಕೇಳಿ ರೇಟನ್ನು ಒಳಕೋಣೆಯಲ್ಲಿ ಕಟ್ಟಿದರೆ ಜನರಿಗೆ ತಿಳಿಯದೆ ಇರುತ್ತದೆಯೇ?

ನನ್ನದೇ ಒಂದು ತಕರಾರೂ ಇದೆ. ಹಾರ್ವುಡ್‌ನಲ್ಲಿ ಬದಲಾವಣೆ ಬೇಕೋ ಬೇಡವೋ ಎಂದು ಯಾರೂ ಆ ಹೆಂಗಸರನ್ನು ಕೇಳಲಿಲ್ಲ. ಹೇಗೆ ಎಂದಷ್ಟೇ ಕೇಳಿದರು. ದಿನದ ಪಟ್ಟಿ ಇರಬೇಕೇ ಎಂಬ ಪ್ರಶ್ನೆ ಮೇಜಿನ ಮೇಲೆ ಬಂದಂತೆ ಕಾಣುವುದಿಲ್ಲ. ಶೇ 14 ಏರಿದ ಉತ್ಪಾದನೆ ಪಟ್ಟಿಯ ಮೇಲ್ತುದಿಯನ್ನು ಇನ್ನಷ್ಟು ಮೇಲಕ್ಕೆ ಒಯ್ದಿರಬೇಕು, ತಳದಲ್ಲಿದ್ದವರಿಗೆ ಅದು ಹೇಗಿತ್ತೋ. ಆ ಹೆಂಗಸರ ಸ್ವಂತ ಮಾತು ಈ ವರದಿಯಲ್ಲಿ ಅಲ್ಲೊಂದು ಇಲ್ಲೊಂದು ತುಣುಕಾಗಿ ಬರುತ್ತದೆ, ಅವರ ಹೆಸರಿಲ್ಲ. ಪುಟಗಳ ತುಂಬ ಇರುವುದು ಅವರ ಅಂಕಿಗಳ ಗೆರೆ.

ಅದೇ ಇಸ್ತ್ರಿಯವರು, ಎರಡನೆಯ ಸಲ

ಮೇಲೇಳದ ಇಸ್ತ್ರಿಯವರ ಗುಂಪನ್ನು ಕೊನೆಗೆ ಒಡೆದು ಬೇರೆ ಬೇರೆ ಕೆಲಸಕ್ಕೆ ಕಳಿಸಿದ್ದರು. ಪ್ರಕರಣದ ಕೊನೆಯ ಭಾಗ ಅದಾದ ಎರಡೂವರೆ ತಿಂಗಳ ನಂತರದ್ದು. ಮೊದಲ ಗುಂಪಿನ ಇಸ್ತ್ರಿಯವರಲ್ಲಿ ಉಳಿದಿದ್ದ 13 ಮಂದಿಯನ್ನು ಮತ್ತೆ ಒಟ್ಟುಗೂಡಿಸಿ ಬೇರೊಂದು ಕೆಲಸಕ್ಕೆ ಹಾಕಿದರು. ಜಗಳಗಂಟರು, ಹೊಂದಿಕೊಳ್ಳದವರು ಎಂಬ ಹೆಸರು ಅಷ್ಟರಲ್ಲಿ ಅವರಿಗೆ ಅಂಟಿರಲೇಬೇಕು. ಈ ಸಲ ಸಿದ್ಧ ರೇಟು ತಂದು ಓದಲಿಲ್ಲ. ಚೆಕಿಂಗ್‌ನವರ ಜೊತೆ ಕೂತ ಹಾಗೆ ಇವರ ಜೊತೆಯೂ ಕೂತರು. 13 ಮಂದಿಯೂ ಬಾಯಿ ಬಿಟ್ಟು ಮಾತಾಡಿದರು, ಕೆಲಸ ಹೇಗಿರಬೇಕೆಂದು ತಾವೇ ತಿದ್ದಿದರು.

ಅಂಕಿ ಬೇಗ ಹಳೆಯ ಮಟ್ಟಕ್ಕೆ ಬಂತು, ಅಲ್ಲಿ ನಿಲ್ಲದೆ ಅದುವರೆಗೆ ಅವರು ಮುಟ್ಟದ ಎತ್ತರಕ್ಕೆ ಹೋಯಿತು. ಗಮನಿಸಿದ 19 ದಿನಗಳಲ್ಲಿ ಜಗಳವಿಲ್ಲ, ಒಬ್ಬರೂ ಬಿಡಲಿಲ್ಲ. ಅದೇ ಜನ, ಅದೇ ಕಾರ್ಖಾನೆ, ಅದೇ ಕೂಲಿಯ ಪದ್ಧತಿ. ಮೊದಲ 40 ದಿನಗಳಲ್ಲೇ ಬಿಟ್ಟುಹೋದವರು 18ರಲ್ಲಿ ಶೇ 17, ಎಂದರೆ ಮೂವರು. ಅವರು ಆ ಹೊತ್ತಿಗಾಗಲೇ ಬೆಟ್ಟದ ಹಳ್ಳಿಗೋ ಬೇರೆಲ್ಲಿಗೋ ಹೊರಟುಹೋಗಿದ್ದರು.